ಭೂತಕ್ಕೊಂದು ವತನ

ಯಾವ ಸಭೆಗೆ ಹೋದರೂ ನಾನು ಬಾಗಿಲ ಪಕ್ಕದಲ್ಲೇ ಕೂಡುತ್ತೇನೆ. ಮದುವೆಯ ಪಂಕ್ತಿಯಾಗಲಿ, ಕೀರ್ತನೆಯಾಗಲಿ, ಕಾಲೇಜಿನಲ್ಲಿ ಪ್ರಿನ್ಸಿಪಾಲರು ಕರೆದ ಬೋಧಕರ ಸಭೆಯಾಗಲಿ, ನನ್ನ ಕಾಲು ತಾನಾಗಿಯೇ ಹೊಸ್ತಿಲಿನ ಹತ್ತಿರದ ಜಾಗವನ್ನು ಹುಡುಕುತ್ತದೆ. ಸಹೋದ್ಯೋಗಿಗಳು ಇದನ್ನು ವಿನಯವೆಂದು ತಿಳಿದಿದ್ದಾರೆ. ನಾನು ತಿದ್ದಲು ಹೋಗಿಲ್ಲ. ನನ್ನ ಹೆಂಡತಿ ಇದನ್ನು ಜವಾಬ್ದಾರಿ ತಪ್ಪಿಸಿಕೊಳ್ಳುವ ಉಪಾಯವೆಂದು ತಿಳಿದಿದ್ದಾಳೆ. ಅವಳನ್ನು ತಿದ್ದುವ ಧೈರ್ಯ ನನಗಿಲ್ಲ. ಎರಡೂ ತಪ್ಪು. ಇದು ಕೇವಲ ಅಭ್ಯಾಸಬಲ. ಹುಡುಗನಾಗಿದ್ದಾಗ ವರ್ಷಕ್ಕೊಮ್ಮೆ, ತುಂಬಿದ ಸಭೆಯೆದುರು, ರಂಗದ ಮೇಲಿಂದ ಓಡಿಹೋಗುವುದು ನನ್ನ ಕೆಲಸವಾಗಿತ್ತು. ಬೇರೆ ಹುಡುಗರು ಮಗ್ಗಿ ಕಲಿತಂತೆ ನಾನು ಪಲಾಯನ ಕಲಿತೆ.

ತುಂಬಿದ ಸಭೆ ಎಂದೆ. ಆಗಿನ ನನ್ನ ದಿನಚರಿಯಲ್ಲಿ ‘ಜನ ಸಾಧಾರಣ, ಮಳೆ ಜೋರು’ ಎಂದಿದೆ. ನೆನಪೂ ದಿನಚರಿಯೂ ಜಗಳಾಡಿದಾಗ ನಾನು ಸಾಮಾನ್ಯವಾಗಿ ದಿನಚರಿಯ ಪಕ್ಷ ವಹಿಸುತ್ತೇನೆ. ಆದರೆ ಅದನ್ನು ಬರೆದವನೂ ನಾನೇ ಆದ್ದರಿಂದ ಆ ಸಾಕ್ಷಿಯೂ ಅಷ್ಟಕ್ಕಷ್ಟೆ. ಪುಣೆಯಲ್ಲಿ ಹಾಲು ಕೊಳ್ಳುವವರಿಗೆ ನೀರು ಎಷ್ಟಿರಬಹುದೆಂಬ ಅಂದಾಜು ಇದ್ದೇ ಇರುತ್ತದೆ. ಮುಂದಿನದನ್ನು ನೀವು ಅದೇ ಅಂದಾಜಿನಲ್ಲಿ ಕೊಳ್ಳಬೇಕು.

ನಾವಿದ್ದದ್ದು ಸದಾಶಿವ ಪೇಠೆಯ ಒಂದು ವಾಡೆಯಲ್ಲಿ. ಚೌಕದ ಸುತ್ತ ಎರಡಂತಸ್ತಿನ ಮನೆಗಳು, ನಡುವೆ ಒಂದು ನಳ, ನಳದ ಸುತ್ತ ಮರಾಠಿ. ನಮ್ಮ ಹೊಸ್ತಿಲು ದಾಟಿ ಒಳಗೆ ಬಂದರೆ ಧಾರವಾಡದ ಕನ್ನಡ. ಅಪ್ಪ ಕ್ಯಾಂಪಿನ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಆ ಕಚೇರಿಯಲ್ಲಿ ನಮ್ಮ ಕಡೆಯವರೇ ಹೆಚ್ಚು. ಯಾರೋ ಪುಣ್ಯಾತ್ಮರು ಮೊದಲು ಸೇರಿ ತಮ್ಮ ಅಳಿಯನನ್ನು ಕರೆತಂದರು, ಅಳಿಯ ತನ್ನ ಅಣ್ಣನ ಮಗನನ್ನು ಕರೆತಂದ, ಹೀಗೆ ಸಾಹೇಬನೊಬ್ಬನನ್ನು ಬಿಟ್ಟರೆ ಕಚೇರಿಯಲ್ಲಿ ಎಲ್ಲರೂ ಎಲ್ಲರಿಗೂ ಏನೋ ಒಂದು ಆಗಬೇಕಿತ್ತು. ಗಣಪತಿ ಹಬ್ಬದಲ್ಲಿ ಇವರೆಲ್ಲ ಸೇರಿ ಕನ್ನಡ ನಾಟಕ ಆಡುತ್ತಿದ್ದರು. ಪ್ರತಿ ವರ್ಷವೂ ಅದೇ ನಾಟಕ.

ಅದು ಇಂಗ್ಲಿಷರ ಮಹಾಕವಿಯ ಒಂದು ದುರಂತ ನಾಟಕದ ಕನ್ನಡ ರೂಪ. ಮೂಲದ ಹೆಸರನ್ನು ನಾನು ಬರೆಯುವುದಿಲ್ಲ. ಅದನ್ನು ಉಚ್ಚರಿಸಿದರೆ ಕೇಡೆಂದು ಆ ದೇಶದ ನಟರೇ ಹೆದರುತ್ತಾರಂತೆ. ನಮ್ಮವರಿಗೆ ತಮ್ಮ ಭಯಗಳ ಜೊತೆಗೆ ಪರದೇಶದ ಭಯವೂ ಒಂದಿರಲಿ ಎನಿಸಿ ಅದನ್ನೂ ತರಿಸಿಕೊಂಡಿದ್ದರು. ರೂಪಾಂತರ ಮಾಡಿದವರು ಗಲಗಲಿ ಮಾಸ್ತರರು, ನಮ್ಮ ಮಂಡಳಿಯ ಗುರು. ಅವರು ಹಿಮ ಬೀಳುವ ಆ ದೇಶವನ್ನು ಎತ್ತಿ ತುಂಗಭದ್ರೆಯ ದಂಡೆಗೆ ತಂದು ಇಟ್ಟಿದ್ದರು. ಕಥೆ ಇಷ್ಟು. ಉಗ್ರಕೇತುವೆಂಬ ಸೇನಾಪತಿಗೂ ಅವನ ಗೆಳೆಯ ಧರ್ಮಸೇನನಿಗೂ ದಾರಿಯಲ್ಲಿ ಮೂವರು ಮಾಟಗಾತಿಯರು ಸಿಗುತ್ತಾರೆ. ನೀನು ರಾಜನಾಗುವೆ, ಆದರೆ ನಿನ್ನ ಮಕ್ಕಳು ಆಗುವುದಿಲ್ಲ ಎಂದು ಉಗ್ರಕೇತುವಿಗೆ ಹೇಳುತ್ತಾರೆ. ನೀನು ರಾಜನಾಗುವುದಿಲ್ಲ, ಆದರೆ ನಿನ್ನ ವಂಶ ಆಳುತ್ತದೆ ಎಂದು ಧರ್ಮಸೇನನಿಗೆ. ಉಗ್ರಕೇತು ಮುದಿ ರಾಜನನ್ನು ಕೊಂದು ಗಾದಿ ಏರುತ್ತಾನೆ. ಏರಿದ ಮೇಲೆ ನಿದ್ದೆ ಬರುವುದಿಲ್ಲ: ಇಷ್ಟೆಲ್ಲ ಪಾಪ ಮಾಡಿದ್ದು ಇನ್ನೊಬ್ಬನ ಮಕ್ಕಳಿಗಾಗಿಯೇ? ಕೊಲೆಗಾರರನ್ನು ಕಳಿಸಿ ಧರ್ಮಸೇನನನ್ನು ಮುಗಿಸುತ್ತಾನೆ. ಧರ್ಮಸೇನನ ಮಗ ಮಾತ್ರ ಕತ್ತಲಲ್ಲಿ ತಪ್ಪಿಸಿಕೊಂಡು ಓಡುತ್ತಾನೆ. ಅವನು ಉಳಿಯುವವನಾದ್ದರಿಂದ ಮಾಸ್ತರರು ಅವನಿಗೆ ಚಿರಾಯು ಎಂದು ಹೆಸರಿಟ್ಟಿದ್ದರು. ಆ ಓಡುವ ಚಿರಾಯು ನಾನು. ಸಾಯುವ ಧರ್ಮಸೇನ ನಮ್ಮ ಅಪ್ಪ.

ಇದು ಹೇಗೆ ಎಂದು ನೀವು ಕೇಳುವುದು ಸಹಜ. ಅಪ್ಪನಿಗೆ ನಟನೆ ಬರುತ್ತಿತ್ತೇ, ನನಗೆ ಓಟ ಬರುತ್ತಿತ್ತೇ ಎಂದು ಯಾರೂ ಪರೀಕ್ಷೆ ಮಾಡಿದ್ದಿಲ್ಲ. ನಮ್ಮ ಮಂಡಳಿಯಲ್ಲಿ ಪಾತ್ರಗಳೆಂದರೆ ವತನ. ಊರಿನ ಕುಲಕರ್ಣಿಕೆ ಹೇಗೆ ತಂದೆಯಿಂದ ಮಗನಿಗೆ, ಅವನಿಂದ ಅವನ ಮಗನಿಗೆ ಬರುತ್ತದೋ ಹಾಗೆಯೇ ಇವೂ. ಪುಣೆಗೆ ಬಂದವರಲ್ಲಿ ಬಹಳ ಜನ ಊರಲ್ಲಿ ವತನ ಕಳೆದುಕೊಂಡವರು, ದಾಯಾದಿಗಳಿಗೆ ಸೋತವರು, ಕೋರ್ಟು ಹತ್ತಿ ಇಳಿದವರು. ಹೊಲ ಹೋಯಿತು, ಮಾನ ಹೋಯಿತು, ಆದರೆ ವತನದ ಚಟ ಹೋಗಲಿಲ್ಲ. ಆಳಲು ಏನೂ ಇಲ್ಲದಾಗ ನಾಟಕದ ಪಾತ್ರಗಳನ್ನೇ ಹಂಚಿಕೊಂಡರು. ಮೊದಲನೆಯ ಮಾಟಗಾತಿಯ ವತನ ಒಂದು ಮನೆಗೆ, ಎರಡನೆಯ ಕೊಲೆಗಾರನ ವತನ ಇನ್ನೊಂದು ಮನೆಗೆ. ಎರಡನೆಯ ಮಾಟಗಾತಿಯ ಮನೆಯಲ್ಲಿ ಮಗನಿಗೆ ಹೆಣ್ಣು ನೋಡಲು ಬಂದವರೆದುರು ಇದನ್ನೂ ಆಸ್ತಿಯೊಂದಿಗೆ ಹೇಳಿದರೆಂದು ಕೇಳಿದ್ದೇನೆ. ವೇಷದ ಸಾಮಾನು ಆಯಾ ಮನೆಯಲ್ಲೇ ಇರಬೇಕು. ಉಗ್ರಕೇತುವಿನ ಕಿರೀಟಕ್ಕೆ ದಸರೆಯಲ್ಲಿ ಪೂಜೆ ಆಗುತ್ತಿತ್ತು. ವತನ ಹೋಗುವುದಕ್ಕೆ ಎರಡೇ ದಾರಿ: ಪುಣೆ ಬಿಟ್ಟು ಹೋದರೆ, ಇಲ್ಲವೇ ರಂಗದ ಮೇಲೆ ಮಾತು ಮರೆತು ಮೂಕನಾಗಿ ನಿಂತರೆ. ಹಾಗೆ ನಿಂತವನ ಪಾತ್ರ, ಅದನ್ನು ಬಾಯಿಪಾಠ ಮಾಡಿಕೊಂಡಿರುವ ಇನ್ನೊಬ್ಬನಿಗೆ ಸಲ್ಲುತ್ತದೆ. ಮೂರನೆಯ ಮಾಟಗಾತಿಯ ವತನ ಒಮ್ಮೆ ಹೀಗೆಯೇ ಕೈಬದಲಾಗಿ ಎರಡು ಮನೆಗಳ ನಡುವೆ ಅರಿಶಿನ ಕುಂಕುಮಕ್ಕೆ ಕರೆಯುವುದೂ ನಿಂತುಹೋಗಿತ್ತು.

ಕಿರೀಟವಿದ್ದದ್ದು ದೇಸಾಯರ ಮನೆಯಲ್ಲಿ. ಹನುಮಂತರಾವ್ ದೇಸಾಯರು ಕಚೇರಿಯಲ್ಲಿ ಸುಪರಿಂಟೆಂಡೆಂಟ್, ಅಪ್ಪನ ಮೇಲಧಿಕಾರಿ; ರಂಗದ ಮೇಲೆ ಉಗ್ರಕೇತು. ಎರಡೂ ಕಡೆ ಅವರು ಒಂದೇ ಬಗೆಯಲ್ಲಿ ನಡೆಯುತ್ತಿದ್ದರು, ಎರಡೂ ಕಡೆ ಜನ ಎದ್ದು ನಿಲ್ಲುತ್ತಿದ್ದರು. ಎತ್ತರದ ಆಳು, ನಗಾರಿಯಂಥ ಧ್ವನಿ. ಅವರು ಬಾಯಿ ತೆರೆದರೆ ಕನ್ನಡ ಬರದ ಪೇಠೆಯ ಮರಾಠಿ ಹಿರಿಯರೂ ಮುಂದಿನ ಸಾಲಿನಲ್ಲಿ ತಲೆದೂಗುತ್ತಿದ್ದರು. ಒಂದೇ ಕೊರತೆ, ಮಕ್ಕಳಿರಲಿಲ್ಲ. ಇನ್ನೊಂದು ಕೊರತೆಯೂ ಇತ್ತು, ಅದು ನಮ್ಮ ಮನೆಗೆ ಮಾತ್ರ ಗೊತ್ತು.

ಕೊಲೆಯ ನಂತರ ಔತಣದ ದೃಶ್ಯ ಬರುತ್ತದೆ. ರಾಜ ತನ್ನ ಸರದಾರರೊಡನೆ ಊಟಕ್ಕೆ ಕೂಡಲು ಬಂದರೆ ಅಲ್ಲಿ ಕುರ್ಚಿಯ ಮೇಲೆ ಧರ್ಮಸೇನನ ಭೂತ ಕೂತಿರುತ್ತದೆ. ಉಳಿದವರಿಗೆ ಕಾಣುವುದಿಲ್ಲ, ರಾಜನಿಗೆ ಮಾತ್ರ. ಅಪ್ಪ ಮುಖಕ್ಕೆ ಜೋಳದ ಹಿಟ್ಟು ಬಳಿದುಕೊಂಡು ಪ್ರೇಕ್ಷಕರಿಗೆ ಬೆನ್ನು ಮಾಡಿ ಕೂಡುತ್ತಿದ್ದರು. ಭೂತಕ್ಕೆ ಮಾತಿಲ್ಲ, ಮಾತೆಲ್ಲ ರಾಜನದು, ಉದ್ದವಾದ, ತಿರುವುಮುರುವಾದ ಮಾತು. ದೇಸಾಯರಿಗೆ ಅದು ಎಂದೂ ನೆನಪಿರುತ್ತಿರಲಿಲ್ಲ. ಮೊದಲ ವಾಕ್ಯ ಗುಡುಗಿದ ಮೇಲೆ ಅವರು ಭೂತದ ಮುಖವನ್ನು ದಿಟ್ಟಿಸುತ್ತಿದ್ದರು, ಭೂತ ಗಡ್ಡದೊಳಗಿಂದ ಮೆಲ್ಲಗೆ ಮುಂದಿನ ವಾಕ್ಯ ಹೇಳಿಕೊಡುತ್ತಿತ್ತು. ಜನ ಅದನ್ನು ಭಯಭೀತ ನೋಟವೆಂದು ತಿಳಿದು ಮೆಚ್ಚುತ್ತಿದ್ದರು. ಕಚೇರಿಯಲ್ಲೂ ಹಾಗೆಯೇ. ಅಪ್ಪ ಮಸೂದೆ ಬರೆಯುವುದು, ದೇಸಾಯರು ರುಜು ಮಾಡುವುದು, ಸಾಹೇಬ ದೇಸಾಯರ ಇಂಗ್ಲಿಷನ್ನು ಹೊಗಳುವುದು. ಇದು ಎಷ್ಟು ವರ್ಷ ನಡೆಯಿತೆಂದರೆ ಆ ಮಾತುಗಳು ತಮ್ಮೊಳಗಿಂದಲೇ ಬರುತ್ತವೆಂದು ದೇಸಾಯರು ಪ್ರಾಮಾಣಿಕವಾಗಿ ನಂಬಿಬಿಟ್ಟಿದ್ದರು. ಅವರನ್ನು ನಾನು ಪೂರ್ತಿ ದೂರಲಾರೆ. ನನ್ನ ಉಪನ್ಯಾಸಗಳಲ್ಲಿ ಯಾವ ಮಾತು ನನ್ನದು, ಯಾವುದು ಓದಿದ್ದು ಎಂದು ಇವತ್ತು ಕೇಳಿದರೆ ನಾನೂ ಕುರ್ಚಿಯ ಕಡೆ ನೋಡಬೇಕಾದೀತು.

ಅಪ್ಪನಿಗೆ ಇದರಿಂದ ಅಸಮಾಧಾನವೇನೂ ಇರಲಿಲ್ಲ. ಅವರ ಅಸಮಾಧಾನ ಬೇರೆ. ನಮ್ಮ ಅಜ್ಜನ ಕಾಲದಲ್ಲಿ ಊರ ಕುಲಕರ್ಣಿಕೆ ದಾಯಾದಿಗಳ ಪಾಲಾಗಿತ್ತು. ಈಗ ಮಗನಿಗೆ ಬಿಟ್ಟುಹೋಗುವುದೇನು? ಒಂದು ಸಾವು, ಆ ಮೇಲೆ ಹಿಟ್ಟು ಬಳಿದುಕೊಂಡು ಸುಮ್ಮನೆ ಕೂಡುವುದು. ಬಿ.ಎ. ಓದುತ್ತಿರುವ ಮಗ, ಮೀಸೆ ಬಂದರೂ ಪೌಡರು ಹಚ್ಚಿಕೊಂಡು ಇನ್ನೂ ಚಿರಾಯುವಾಗಿ ಓಡುತ್ತಿರುವ ಮಗ, ಕಿರೀಟ ಇಟ್ಟುಕೊಂಡು ಸಭೆಯೆದುರು ಮಾತಾಡುವುದನ್ನು ಅವರು ನೋಡಬೇಕಿತ್ತು. ನನಗೂ ಬೇಕಿತ್ತೇ ಎಂದರೆ, ಬೇಕಿತ್ತು ಎಂದೇ ಈಗ ತೋರುತ್ತದೆ. ಆಗ ಬೇಡವೆನ್ನುತ್ತಿದ್ದೆ, ಬೇಡವೆನ್ನುವುದು ಕಾಲೇಜಿನಲ್ಲಿ ಆಗ ಒಳ್ಳೆಯ ಅಭಿರುಚಿಯ ಗುರುತಾಗಿತ್ತು.

ಒಂದು ವರ್ಷ ಮಂಡಳಿಯ ಸಭೆಯಲ್ಲಿ ಅಪ್ಪ ಎದ್ದು ನಿಂತು ತಮ್ಮ ವಾದ ಮಂಡಿಸಿದರು. ಕೋರ್ಟಿನಲ್ಲಿ ಸೋತ ಮನೆತನದವರಿಗೆ ವಾದ ಮಾಡುವ ಆಸೆ ತೀರಿರುವುದಿಲ್ಲ. ದೇಸಾಯರ ನಂತರ ಉಗ್ರಕೇತುವಿನ ವತನ ನಮ್ಮ ಮನೆಗೆ ಬರಬೇಕು. ಇದಕ್ಕೆ ಸನದು, ಅಂದರೆ ಹಕ್ಕುಪತ್ರ, ನಾಟಕದಲ್ಲೇ ಇದೆ. ಉಗ್ರಕೇತುವಿನ ಮಕ್ಕಳಿಗೆ ಗಾದಿ ಇಲ್ಲ, ಧರ್ಮಸೇನನ ವಂಶಕ್ಕೆ ಇದೆ ಎಂದು ಮೂವರು ಮಾಟಗಾತಿಯರು ಮೊದಲನೆಯ ಅಂಕದಲ್ಲೇ ಸಾರಿದ್ದಾರೆ. ಹಾಗೆ ಸಾರಿದ ಮೂರೂ ಜನ ಇದೇ ಸಭೆಯಲ್ಲಿ ಹಾಜರಿದ್ದಾರೆ, ಬೇಕಾದರೆ ಕೇಳಬಹುದು.

ನೀವು ನಗಬಹುದು. ಅಲ್ಲಿ ಯಾರೂ ನಗಲಿಲ್ಲ. ಮೂವರೂ ಮಾಟಗಾತಿಯರು, ಒಬ್ಬರು ಲೆಕ್ಕದ ಶಾಖೆ, ಇಬ್ಬರು ಟಪಾಲು ಶಾಖೆ, ಹೌದು, ಹಾಗೆ ನುಡಿದದ್ದುಂಟು ಎಂದು ಗಂಭೀರವಾಗಿ ಒಪ್ಪಿಕೊಂಡರು. ದೇಸಾಯರ ಮುಖ ಕಪ್ಪಾಯಿತು.

ಅವರು ಮರುದಿನವೇ ಶನಿವಾರ ಪೇಠೆಯ ಒಬ್ಬ ವಕೀಲರ ಸಲಹೆ ಪಡೆದರೆಂದು ವಾಡೆಯಲ್ಲಿ ಸುದ್ದಿಯಾಯಿತು. ದತ್ತಕ ತೆಗೆದುಕೊಂಡರೆ ವತನ ಉಳಿಯುತ್ತದೆಯೇ? ವಕೀಲರು ಗ್ರಂಥಗಳನ್ನು ತಿರುವಿ ಹೇಳಿದ್ದು ಹೀಗೆ: ದತ್ತಕಪುತ್ರ ಸ್ವಂತ ಮಗನಾದ ಔರಸನಿಗೆ ಸಮಾನ. ಸಮಾನನಾದರೆ ಅವನೂ ಉಗ್ರಕೇತುವಿನ ಮಗನೇ ಆದನು, ಮಾಟಗಾತಿಯರ ಮಾತು ಅವನಿಗೂ ತಗಲುತ್ತದೆ. ಸಮಾನನಲ್ಲವೆಂದರೆ ಮಾತಿನಿಂದ ಪಾರಾಗುತ್ತಾನೆ, ಆದರೆ ವತನಕ್ಕೆ ಹಕ್ಕುದಾರನೇ ಅಲ್ಲ. ಫೀಸು ತೆಗೆದುಕೊಂಡು ಇಷ್ಟು ನಿಷ್ಪಕ್ಷಪಾತವಾಗಿ ಮಾತಾಡಿದ ವಕೀಲರನ್ನು ಪುಣೆಯಲ್ಲಿ ಆ ಮೇಲೆ ನಾನು ಕಂಡಿಲ್ಲ.

ಆದರೂ ದೇಸಾಯರು ದತ್ತಕ ತೆಗೆದುಕೊಂಡರು. ಹುಡುಗ ರಂಗನಾಥ, ದೇಸಾಯರ ದೂರದ ಅಣ್ಣನ ಮಗ, ನನಗಿಂತ ಎರಡು ಮೂರು ವರ್ಷ ಚಿಕ್ಕವನು. ಗೂಳಿಯಂಥ ಕತ್ತು, ಕುರಿಮರಿಯಂಥ ಕಣ್ಣು. ಊರಿಂದ ಬಂದ ವಾರದಲ್ಲೇ ಅವನು ಪೇಠೆಯ ಒಂದು ಕುಸ್ತಿಯ ತಾಲೀಮಿಗೆ ಸೇರಿದ್ದ. ಮೈತುಂಬ ಅಖಾಡದ ಮಣ್ಣು ಹತ್ತಿಸಿಕೊಂಡು ಬಂದು ದೇಸಾಯರ ಮನೆಯ ಬಿಳಿ ಗಾದಿಯ ಮೇಲೆ ಕೂಡುತ್ತಿದ್ದ. ಅವನಿಗೆ ಉಗ್ರಕೇತುವಿನ ಮಾತು ಕಲಿಸಬೇಕೆಂದು ದೇಸಾಯರು ಹೇಳಿಕಳಿಸಿದ್ದು ಯಾರಿಗೆ ಗೊತ್ತೇ? ನನಗೆ. ಇಂಗ್ಲಿಷ್ ಓದುವ ಹುಡುಗ, ಮೂಲವನ್ನೇ ಬಲ್ಲವನು ಎಂದು. ಕಿರೀಟ ಕಸಿಯಬಹುದಾದವನಿಂದಲೇ ವಾರಸುದಾರನಿಗೆ ಪಾಠ ಹೇಳಿಸುವ ಆತ್ಮವಿಶ್ವಾಸ ಸುಪರಿಂಟೆಂಡೆಂಟರಿಗಲ್ಲದೆ ಇನ್ನಾರಿಗೆ ಬರಬೇಕು!

ನಾನು ಹೋಗಿ ಕಲಿಸಿದೆ. ರಂಗ ಪ್ರತಿ ವಾಕ್ಯವನ್ನೂ ಎದುರಾಳಿಯ ಕಾಲು ಹಿಡಿದಂತೆ ಹಿಡಿದು, ಜಗ್ಗಿ, ಕೊನೆಗೆ ತಾನೇ ಕೆಳಗೆ ಬೀಳುತ್ತಿದ್ದ. ಒಂದು ದಿನ ಅವನು ಬಹಳ ಯೋಚನೆ ಮಾಡಿ ಕೇಳಿದ: “ವಾಮಣ್ಣ, ಈ ಉಗ್ರಕೇತುಗ ಮಕ್ಕಳ ಇಲ್ಲಲ್ಲ, ಮತ್ತ ಯಾರ ಸಲುವಾಗಿ ಇಷ್ಟ ಮಂದೀನ್ನ ಕೊಲ್ತಾನ?”

ಎರಡು ವರ್ಷ ಕಾಲೇಜಿನಲ್ಲಿ ಆ ನಾಟಕ ಓದಿದ್ದೆ. ಟಿಪ್ಪಣಿ ಬರೆದಿದ್ದೆ. ಅದು ಮುಂದೆ ಗೊತ್ತಾಗುತ್ತದೆ ಎಂದು ಎಲ್ಲ ಮೇಷ್ಟ್ರುಗಳಂತೆ ಹೇಳಿ ಪುಟ ತಿರುವಿದೆ.

ಆ ವರ್ಷ ಶ್ರಾವಣದಲ್ಲಿ ಅಪ್ಪನಿಗೆ ಜಬಲಪುರಕ್ಕೆ ವರ್ಗವಾಯಿತು. ಆಜ್ಞೆಗೆ ಸಾಹೇಬನ ರುಜು ಇತ್ತು. ಶಿಫಾರಸು ಯಾರದೆಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ದೇಸಾಯರು ತಮ್ಮ ಜೀವನದಲ್ಲಿ ಮಸೂದೆಯಿಲ್ಲದೆ ಸ್ವಂತವಾಗಿ ಬರೆದ ಕಾಗದ ಬಹುಶಃ ಅದೊಂದೇ. ಪುಣೆ ಬಿಟ್ಟವನ ವತನ ಹೋಗುತ್ತದೆ. ಧರ್ಮಸೇನನೇ ಇಲ್ಲವಾದರೆ ಅವನ ವಂಶದ ಹಕ್ಕೆಲ್ಲಿ? ಕೊಲೆಗಾರರನ್ನು ಕಳಿಸುವ ಖರ್ಚೂ ಇಲ್ಲ. ಇಂಗ್ಲಿಷರ ಆಡಳಿತವನ್ನು ಎಷ್ಟೇ ಬೈಯಿರಿ, ರಕ್ತವಿಲ್ಲದೆ ಇಂಥ ಕೆಲಸ ಮಾಡುವ ಅನುಕೂಲವನ್ನು ಅದು ನಮಗೆ ಮಾಡಿಕೊಟ್ಟಿತು.

ನನ್ನ ಓದಿಗಾಗಿ ನಾನೂ ಅವ್ವನೂ ಪುಣೆಯಲ್ಲೇ ಉಳಿಯುವುದೆಂದಾಯಿತು, ಚಿರಾಯುವಿನ ಪಾತ್ರವೂ ನನ್ನಲ್ಲೇ ಉಳಿಯಿತು. ಅವ್ವ ಅಪ್ಪನ ಹಾಸಿಗೆ ಸುತ್ತುತ್ತ, ಭೂತಕ್ಕೂ ವರ್ಗ ಆಗ್ತದ ಅಂತ ಗೊತ್ತಿರಲಿಲ್ಲ ಎಂದಳು. ಅವಳು ನಾಟಕಕ್ಕೆ ಎಂದೂ ಬರುತ್ತಿರಲಿಲ್ಲ. ಮನೆಯಲ್ಲೇ ಬೇಕಾದಷ್ಟು ನಡೀತದ ಎನ್ನುತ್ತಿದ್ದಳು.

ಸ್ಟೇಷನ್ನಿನಲ್ಲಿ ಗಾಡಿ ಹೊರಡುವ ಮೊದಲು ಅಪ್ಪ ನನ್ನನ್ನು ಕಿಟಕಿಯ ಹತ್ತಿರ ಕರೆದರು. ಆರೋಗ್ಯ ನೋಡಿಕೊ, ಓದು ಎಂದು ಹೇಳುತ್ತಾರೆಂದು ತಿಳಿದೆ.

“ಔತಣದಾಗ ಅವಾ ಮರೀತಾನ,” ಎಂದರು. “ಹೇಳಿಕೊಡಾಕ ನಾ ಇರೂದಿಲ್ಲ. ಎಲ್ಲಾರ ಮುಂದ ಮೂಕಾಗಿ ನಿಂದರ್ತಾನ. ವತನ ಹೋತು. ಆ ಮಾತು ಬಾಯಿಪಾಠ ಇರಾಂವ ನೀ ಒಬ್ಬನ. ಹತ್ತೆಣಿಸೂತನಕ ಸುಮ್ಮನ ಇರು ವಾಮ್ಯಾ, ಕಿರೀಟ ನಮ್ಮ ಮನೀಗೆ ಬರ್ತದ.”

ಹಾಗೆ ಹೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು ಎಂದು ನನ್ನ ನೆನಪು. ಎಂಜಿನ್ನಿನ ಇದ್ದಿಲ ಪುಡಿ ಇದ್ದರೂ ಇರಬಹುದು.

ಅಪ್ಪ ಹೋದ ಮೇಲೆ ಮಂಡಳಿಗೊಂದು ತೊಡಕು ಬಂತು. ಜೀವಂತ ಧರ್ಮಸೇನನ ಪಾತ್ರ ಮಾಡಲು ಜನ ಮುಂದೆ ಬಂದರು. ದೇಸಾಯರ ಕಡೆಯ ಗುಮಾಸ್ತನೊಬ್ಬನಿಗೆ ಅದು ಸಿಕ್ಕಿತು. ಆದರೆ ಭೂತವಾಗಿ ಕೂಡಲು ಯಾರೂ ಒಪ್ಪಲಿಲ್ಲ. ವಂಶಪಾರಂಪರ್ಯವಾಗಿ ಬಂದವರು ಸತ್ತವರ ವೇಷ ಹಾಕಿದರೆ ಬಾಧೆಯಿಲ್ಲ, ಉಳಿದವರು ಹಾಕಿದರೆ ಹೆಂಡತಿಯ ಕುಂಕುಮಕ್ಕೆ ಕೇಡು ಎಂದು ಮನೆಮನೆಯಿಂದ ತಡೆ ಬಂತು. ಆಗ ದೇಸಾಯರು ಒಂದು ಕಲಾಸುಧಾರಣೆ ಘೋಷಿಸಿದರು. ಭೂತವಿರುವುದು ರಾಜನ ಮನಸ್ಸಿನಲ್ಲಿ. ಆದ್ದರಿಂದ ಕುರ್ಚಿ ಖಾಲಿ ಇರಬೇಕು. ಮುಂಬಯಿಯಲ್ಲಿ ಈಗ ಹೀಗೆಯೇ ಮಾಡುತ್ತಾರೆ. ಮುಂಬಯಿಯ ಹೆಸರು ಹೇಳಿದ ಮೇಲೆ ಪುಣೆಯವರು ಎದುರಾಡುವುದಿಲ್ಲ, ಒಳಗೊಳಗೇ ಬೈದುಕೊಳ್ಳುತ್ತಾರೆ. ಮರೆಯಲ್ಲಿ ನಿಂತು ಮಾತು ನೆನಪಿಸಲು ಒಬ್ಬನನ್ನು ಇಡೋಣವೇ ಎಂದು ಗಲಗಲಿ ಮಾಸ್ತರರು ಅಂಜುತ್ತ ಕೇಳಿದರು. ಇಷ್ಟು ವರ್ಷ ಯಾರು ನೆನಪಿಸಿದ್ದಾರೆ ಎಂದು ದೇಸಾಯರು ತಿರುಗಿ ಕೇಳಿದರು. ಅವರ ಧ್ವನಿಯಲ್ಲಿ ಸುಳ್ಳಿರಲಿಲ್ಲ. ಅದೇ ಭಯಂಕರ.

ನಾಟಕದ ಸಂಜೆ ಬಂತು. ಚೌಕದಲ್ಲಿ ಗ್ಯಾಸಿನ ದೀಪಗಳು, ಮೇಲೆ ತಟ್ಟಿನ ಚಪ್ಪರ, ಮುಂದಿನ ಸಾಲಿನಲ್ಲಿ ಪಗಡಿಯ ಹಿರಿಯರು. ನನ್ನ ಓಟ ಮುಗಿಸಿ ನಾನು ಪಕ್ಕದ ಪರದೆಯ ಹಿಂದೆ ನಿಂತೆ. ಮೀಸೆಯ ಮೇಲಿನ ಪೌಡರು ಬೆವರಿಗೆ ಇಳಿಯುತ್ತಿತ್ತು. ಔತಣ ಶುರುವಾಯಿತು. ರಂಗ ಭರ್ಜಿ ಹಿಡಿದು ಕಾವಲುಗಾರನಾಗಿ ಬದಿಗೆ ನಿಂತಿದ್ದ. ದೇಸಾಯರು ಬಂದರು, ಖಾಲಿ ಕುರ್ಚಿ ನೋಡಿದರು, ಹೌಹಾರಿದರು, ಮೊದಲನೆಯ ವಾಕ್ಯ ಗುಡುಗಿದರು. ಆ ಮೇಲೆ ವರ್ಷವರ್ಷದಂತೆ ಕುರ್ಚಿಯನ್ನು ದಿಟ್ಟಿಸುತ್ತ ಕಾದರು.

ಕುರ್ಚಿ ಏನೂ ಹೇಳಲಿಲ್ಲ.

ಮೊದಲು ಜನಕ್ಕೆ ಅದು ನಟನೆ ಎನಿಸಿತು. ಇಷ್ಟು ದಿನ ಇಂಥ ಭಯ ತೋರಿಸಿರಲಿಲ್ಲ ದೇಸಾಯರು. ಹಣೆಯ ಬೆವರು ಕಿರೀಟದ ಅಂಚಿನಿಂದ ಹನಿಯುತ್ತಿತ್ತು. ಮುಂದಿನ ಸಾಲಿನಿಂದ ಒಬ್ಬ ಹಿರಿಯರು “ವ್ವಾ!” ಎಂದರು. ನಾನು ಎಣಿಸತೊಡಗಿದೆ. ಮುಂದಿನ ವಾಕ್ಯ ನನ್ನ ನಾಲಿಗೆಯ ಮೇಲೇ ಇತ್ತು. ಬಾಯಿ ಮುಚ್ಚಿಕೊಂಡರೆ ಸಾಕು, ಅಜ್ಜ ಕಳೆದದ್ದಕ್ಕೆ ಬದಲಾಗಿ ಅಪ್ಪ ಬೇಡಿದ್ದು ನಮಗೆ ಸಿಗುತ್ತಿತ್ತು. ರಂಗ ಕಾವಲು ಬಿಟ್ಟು ನನ್ನ ಕಡೆ ನೋಡಿದ. ದೇಸಾಯರು ಮಾತ್ರ ಕುರ್ಚಿಯಿಂದ ಕಣ್ಣು ತೆಗೆಯಲಿಲ್ಲ. ಅವರ ಮುಖದಲ್ಲಿ ಆಗ ಉಗ್ರಕೇತುವೂ ಇರಲಿಲ್ಲ, ಸುಪರಿಂಟೆಂಡೆಂಟರೂ ಇರಲಿಲ್ಲ. ದಿನಾ ಹೋಗುವ ಮನೆಗೆ ಹೋಗಿ, ಬಾಗಿಲು ಬಡಿದು, ಒಳಗೆ ಯಾರೂ ಇಲ್ಲವೆಂದು ಆಗಷ್ಟೇ ತಿಳಿದ ಒಬ್ಬ ಮುದುಕ ನಿಂತಿದ್ದ.

ನಾನು ರಂಗದ ಮೇಲೆ ಹೋದೆ. ಯಾಕೆ ಹೋದೆ? ಆ ದಿನದ ದಿನಚರಿಯಲ್ಲಿ ‘ಕರುಣೆಯಿಂದ’ ಎಂದು ಬರೆದಿದ್ದೇನೆ. ಅಷ್ಟು ಚೊಕ್ಕವಾಗಿ ಬರೆದದ್ದರಿಂದಲೇ ನನಗೆ ಅನುಮಾನ. ಎಲ್ಲರೂ ನೋಡುತ್ತಿರುವಾಗ ಒಮ್ಮೆಯಾದರೂ ಒಳಮುಖವಾಗಿ ಓಡಬೇಕೆಂದು ಕಾಲಿಗೇ ಅನಿಸಿರಬಹುದು. ಆ ಮೌನ ತಾಳಲಾರದೆಯೂ ಇರಬಹುದು. ಬಾಯಿಪಾಠ ಬರುವವನಿಗೆ ಇನ್ನೊಬ್ಬ ತಡವರಿಸುವುದನ್ನು ಕೇಳುತ್ತ ನಿಲ್ಲುವುದು ತುರಿಕೆಯಿದ್ದೂ ಕೆರೆದುಕೊಳ್ಳದಂತೆ. ಏನೇ ಇರಲಿ, ಚಿರಾಯುವಿನ ಹಸಿರು ಅಂಗಿಯಲ್ಲೇ ಹೋಗಿ, ಜನರಿಗೆ ಬೆನ್ನು ಮಾಡಿ, ಅಪ್ಪನ ಕುರ್ಚಿಯಲ್ಲಿ ಕೂತು, ತುಟಿ ಅಲುಗಿಸಿದೆ. ದೇಸಾಯರು ನನ್ನ ಮುಖ ನೋಡಿದರು. ನಗಾರಿ ಮತ್ತೆ ಮೊಳಗಿತು. ಒಂದೊಂದು ವಾಕ್ಯವೂ ನನ್ನಿಂದ ಹೊರಟು, ಅವರ ಗಂಟಲಲ್ಲಿ ರಾಜ್ಯಾಭಿಷೇಕ ಮಾಡಿಸಿಕೊಂಡು, ಸಭೆಯ ಮೇಲೆ ಬೀಳುತ್ತಿತ್ತು. ಅಂಥ ಔತಣ ಆ ವಾಡೆಯಲ್ಲಿ ಮತ್ತೆ ಆಗಲಿಲ್ಲ.

ಪರದೆಯ ಹಿಂದೆ ಗಲಗಲಿ ಮಾಸ್ತರರು ಹಣೆ ಚಚ್ಚಿಕೊಳ್ಳುತ್ತಿದ್ದರು. ನಾನು ಒಳಗೆ ಬಂದಕೂಡಲೆ ಕೈ ಹಿಡಿದುಕೊಂಡು, “ಏನ್ ಮಾಡಿದ್ಯೋ ಮಾರಾಯಾ, ವಂಶಾನ ಮುಗಿಸಿಬಿಟ್ಯಲ್ಲೋ,” ಎಂದರು. ಆಗ ನನಗೆ ಹೊಳೆಯಿತು. ಭೂತದ ಕುರ್ಚಿಯಲ್ಲಿ ಚಿರಾಯು ಕೂತರೆ ಚಿರಾಯು ಸತ್ತನೆಂದೇ ಅರ್ಥ. ಅವನು ಸತ್ತರೆ ಧರ್ಮಸೇನನ ವಂಶವಿಲ್ಲ. ಇಂಗ್ಲಿಷರ ಮಹಾಕವಿ ಅಷ್ಟು ಜೋಪಾನವಾಗಿ ಕತ್ತಲಲ್ಲಿ ಓಡಿಸಿ ಉಳಿಸಿದವನನ್ನು ನಾನು ಗ್ಯಾಸಿನ ದೀಪದ ಬೆಳಕಿನಲ್ಲಿ ಕೊಂದಿದ್ದೆ.

ಮರುದಿನ ಬೆಳಿಗ್ಗೆ ದೇಸಾಯರು ಕಚೇರಿಯ ಕೋಟು ತೊಟ್ಟು ನಮ್ಮ ಮನೆಗೆ ಬಂದರು. ಅವರು ನಮ್ಮ ಮನೆಗೆ ಬಂದದ್ದು ನನಗೆ ನೆನಪಿರುವಂತೆ ಅದೇ ಮೊದಲು. ಅವ್ವ ಚಹಾ ಕೊಟ್ಟಳು. ಅವರು ಬಸಿಯಲ್ಲಿ ಸುರಿದುಕೊಂಡು, ಕುಡಿಯದೆ, ಮಂಡಳಿಯ ತೀರ್ಮಾನ ತಿಳಿಸಿದರು. ನಿನ್ನೆಯ ಮೌನವನ್ನು ಸಭೆ ಅಭಿನಯವೆಂದೇ ಮೆಚ್ಚಿದ್ದರಿಂದ ಅದು ಮಾತು ಮರೆತಂತೆ ಅಲ್ಲ. ಆದ್ದರಿಂದ ವತನ ಹೋಗಿಲ್ಲ. ಇನ್ನು ಮಾಟಗಾತಿಯರ ಮಾತು. ಚಿರಾಯು ಸಭೆಯೆದುರಿಗೇ ಭೂತವಾಗಿ ಕೂತದ್ದರಿಂದ ಆ ಹಕ್ಕೂ ಮುಗಿಯಿತು. ಮೂವರೂ ಮಾಟಗಾತಿಯರು ಒಪ್ಪಿದ್ದಾರೆ.

ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ಅವರು ಬಸಿಯೊಳಗೆ ನೋಡುತ್ತ, ಅವ್ವನಿಗೆ ಹೇಳುವಂತೆ ಹೇಳಿದರು:

“ಸಾಹೇಬಗ ಹೇಳೀನಿ. ಜಬಲಪುರಕ್ಕ ತಾರು ಹೋಗ್ತದ. ಶಾಮರಾಯರನ್ನ ವಾಪಸ್ ಕರಸೋಣು. ಮುಂದಿನ ವರ್ಷ ಆ ಕುರ್ಚಿ ಖಾಲಿ ಇರಬಾರದ್ರಿ ವೈನಿ.”

“ಕೊಲ್ಲೋ ರಾಜರ ಕಥಿ ಕೇಳಿದ್ದೆ,” ಎಂದಳು ಅವ್ವ. “ಭೂತಕ್ಕ ತಾರು ಹೊಡದು ಕರಸೋ ರಾಜಾನ್ನ ಇವತ್ತ ನೋಡಿದೆ. ಚಹಾ ಆರ್ತದ, ಕುಡೀರಿ.”

ಅವರು ಕುಡಿದರು.

ಅಪ್ಪ ದೀಪಾವಳಿಯ ಹೊತ್ತಿಗೆ ಮರಳಿದರು. ಇಂಗ್ಲಿಷರ ಸರಕಾರದಲ್ಲಿ ಹೋದಷ್ಟೇ ಸಲೀಸಾಗಿ ಹಿಂದಿರುಗಿದ ಗುಮಾಸ್ತ ಅವರೊಬ್ಬರೇ ಇರಬೇಕು. ನಾನು ಸ್ಟೇಷನ್ನಿಗೆ ಹೋಗಿದ್ದೆ. ಟಾಂಗಾದಲ್ಲಿ ಕೂತ ಮೇಲೆ ಎಲ್ಲ ಹೇಳಿಬಿಟ್ಟೆ: ಸುಮ್ಮನಿರಲಿಲ್ಲ, ಕಿರೀಟ ಹೋಯಿತು, ಹಕ್ಕೂ ಹೋಯಿತು, ಅವರು ನನಗೆ ಒಪ್ಪಿಸಿದ್ದು ಒಂದೇ ಕೆಲಸ, ಅದನ್ನು ನಾನು ಮಾಡಲಿಲ್ಲ. ಬೈಗುಳಕ್ಕೆ ನಾನು ಸಿದ್ಧನಾಗಿದ್ದೆ, ಕಣ್ಣೀರಿಗೂ ಸಿದ್ಧನಾಗಿದ್ದೆ.

“ಕುರ್ಚಿ ಮ್ಯಾಲ ಕೂತಿ?” ಎಂದರು.

“ಹೂಂ.”

“ನನ್ನ ಕುರ್ಚಿ ಮ್ಯಾಲ.”

“ಖಾಲಿ ಇತ್ತಲ್ಲಪ್ಪಾ.”

“ನಾ ಜಬಲಪುರಕ್ಕ ಹೋಗಿದ್ದೆ ವಾಮ್ಯಾ. ಸತ್ತಿರಲಿಲ್ಲ.” ಮತ್ತೆ ಸ್ವಲ್ಪ ದೂರ ಹೋದ ಮೇಲೆ, “ಜನಕ್ಕ ಹೆಂಗ ಅನಸ್ತು? ನಾ ಮಾಡ್ತಿದ್ದೆ ನೋಡು, ಅದಕ್ಕಿಂತ ಛಲೋ ಅಂದರೇನು?”

ಯಾರೂ ಹಾಗೆ ಅನ್ನಲಿಲ್ಲವೆಂದೆ. ಅದು ನಿಜವೂ ಆಗಿತ್ತು, ಭೂತವನ್ನು ಯಾರು ಹೊಗಳುತ್ತಾರೆ? ಆದರೆ ಅವರಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಕಿರೀಟದ ವಿಷಯ ಅವರು ಅಂದು ಎತ್ತಲಿಲ್ಲ, ಮುಂದೆಯೂ ಎತ್ತಲಿಲ್ಲ. ಮಗ ರಾಜನಾಗಲಿ ಎಂದು ಹಂಬಲಿಸಿದ ತಂದೆಗೆ, ಮಗ ತನ್ನಂತೆಯೇ ಆಗಬಲ್ಲ ಎಂಬುದು ಯಾಕೆ ಅಷ್ಟು ಚುಚ್ಚಿತು? ಮಾಟಗಾತಿಯರ ಮಾತಿನಲ್ಲಿ ಇದಕ್ಕೆ ವಿವರಣೆ ಇಲ್ಲ. ಈಗ ನನ್ನ ಮಗ ನನ್ನ ಪೆನ್ನನ್ನು ಕೇಳದೆ ತೆಗೆದುಕೊಂಡು ನನಗಿಂತ ದುಂಡಗೆ ಬರೆಯುವುದನ್ನು ನೋಡಿದಾಗ ಎಲ್ಲೋ ಒಂದಿಷ್ಟು ತಿಳಿದಂತಾಗುತ್ತದೆ. ಇಂಗ್ಲಿಷರು ಗಂಟು ಕಟ್ಟುತ್ತಿರುವ ಈ ದಿನಗಳಲ್ಲಿ ಗಾದಿ ಯಾರಿಗೆಂದು ಪತ್ರಿಕೆಗಳು ಬರೆಯುತ್ತಿವೆ. ಬಿಟ್ಟುಹೋಗುವವರ ಮುಖ ನೋಡಿದರೆ ಅವರಿಗೂ ಕೊಡುವುದಕ್ಕಿಂತ, ಪಡೆದವರು ಚೆನ್ನಾಗಿ ನಡೆಸಿಬಿಟ್ಟಾರು ಎಂಬುದೇ ದೊಡ್ಡ ಚಿಂತೆ ಎನಿಸುತ್ತದೆ.

ಮುಂದಿನ ವರ್ಷ ನಾಟಕದ ತಯಾರಿ ಶುರುವಾದ ದಿನ ನಾನೂ ರಂಗನೂ ಒಟ್ಟಿಗೆ ಹೋದೆವು. ಅವನಿಗೆ ಅಷ್ಟರಲ್ಲಿ ಉಗ್ರಕೇತುವಿನ ಅರ್ಧ ಮಾತು ಬಾಯಿಗೆ ಬಂದಿತ್ತು, ಅದೂ ನನ್ನಿಂದ. ನನಗಂತೂ ಎರಡೂ ಪಾತ್ರ ಪೂರ್ತಿ ಬರುತ್ತಿತ್ತು. ನಾವು ಒಳಗೆ ಕಾಲಿಟ್ಟಾಗ ಅಪ್ಪ ಆಗಲೇ ಬಂದು ಭೂತದ ಕುರ್ಚಿಯಲ್ಲಿ ಕೂತುಬಿಟ್ಟಿದ್ದರು. ಔತಣದ ದೃಶ್ಯಕ್ಕೆ ಇನ್ನೂ ಎರಡು ಅಂಕ ಇತ್ತು. ಎದುರಿಗೆ ದೇಸಾಯರು, ತಯಾರಿಯ ದಿನ ಯಾರೂ ತರದ ಕಿರೀಟ ತಂದು, ಹೊದಿಕೆ ತೆಗೆದು, ತಲೆಯ ಮೇಲೆ ಇಟ್ಟುಕೊಂಡಿದ್ದರು. ಕೊಂದವನೂ ಸತ್ತವನೂ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತು ಅಡಿಕೆ ಹಂಚಿಕೊಳ್ಳುತ್ತ ಏನೋ ಪಿಸುಗುಡುತ್ತಿದ್ದರು. ನಮ್ಮ ಹೆಜ್ಜೆಯ ಸದ್ದಿಗೆ ಮಾತು ನಿಲ್ಲಿಸಿ ಇಬ್ಬರೂ ಒಮ್ಮೆಲೇ ತಿರುಗಿ ನೋಡಿದರು.

“ಬಂದ್ರೇನು?” ಎಂದರು ದೇಸಾಯರು. “ಇಲ್ಲಿ ನಿಮ್ಮದೇನ ಕೆಲಸ ಇಲ್ಲ ಈಗ.”

“ಇಬ್ಬರೂ ಹೋಗಿ ಚಹಾ ತಗೊಂಡ ಬರ್ರಿ,” ಎಂದರು ಅಪ್ಪ.